ದುಂಡವ್ವ ಎಣಿಸಿದ ಹೊಡೆತಗಳು

ಸುದ್ದಿ ಬಂದಾಗ ನಾನು ಶಾವಿಗೆಯ ಹಿಟ್ಟು ಕುಟ್ಟುತ್ತಿದ್ದೆ. ಬೇಸಿಗೆಯ ಬೆಳಗು, ಬಿಸಿಲು ಇನ್ನೂ ಹಿತ್ತಲ ಗೋಡೆ ಇಳಿದಿರಲಿಲ್ಲ. ಶಾವಿಗೆಯ ಹಿಟ್ಟಿಗೆ ಕನಿಕರ ತೋರಿಸಬಾರದು. ಕಲ್ಲಿನ ಮೇಲಿಟ್ಟು ಒನಕೆಯಿಂದ ಜಜ್ಜಿ, ಮಡಚಿ, ಮತ್ತೆ ಜಜ್ಜಬೇಕು. ಆಗಲೇ ಅದು ಹರಿಯದೆ ಎಳೆಯಾಗಿ ಇಳಿಯುತ್ತದೆ. ಕೈ ಮೇಲೆತ್ತಿದವಳು ಹಾಗೆಯೇ ನಿಂತೆ. ಹೊಸ್ತಿಲಲ್ಲಿ ದುಂಡವ್ವನ ಅಣ್ಣ ನಿಂತಿದ್ದ. ಗಡಹಿಂಗ್ಲಜದ ಆಚೆ ಹಲಕರ್ಣಿಯಿಂದ ಮೊದಲ ಬಸ್ಸಿಗೆ ಬಂದಿದ್ದ. ತಲೆಯ ಮೇಲಿರಬೇಕಾದ ಟೊಪ್ಪಿಗೆ ಕೈಯಲ್ಲಿತ್ತು. ಅದನ್ನು ನೋಡಿದ ಮೇಲೆ ಕೇಳುವುದಕ್ಕೇನೂ ಉಳಿಯಲಿಲ್ಲ.

"ದುಂಡವ್ವ ಹೋದಳ್ರೀ ಅಕ್ಕಾರ," ಅಂದ.

ಅವನನ್ನು ಒಳಗೆ ಕರೆದು ನೀರು ಕೊಟ್ಟು ಕೂರಿಸಿದೆ. ಅವನು ಏನೇನು ಹೇಳಿದ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮೊದಲು ದುಂಡವ್ವ ಎಂಥವಳೆಂದು ಹೇಳಬೇಕು.

ದುಂಡವ್ವ ತನಗೆ ಬೀಳುವ ಹೊಡೆತಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. ನಾನು ಮದುವೆಯಾಗಿ ಇಚಲಕರಂಜಿಗೆ ಬಂದ ಮೊದಲ ವಾರವೇ ಗೋಡೆಯಾಚೆಯಿಂದ ಆ ಎಣಿಕೆ ಕೇಳಿದ್ದೆ. ಮಗ್ಗದ ಶೆಡ್ಡಿನ ಹಿಂದೆ ಒಂದೇ ಸಾಲಿನಲ್ಲಿ ಎಂಟು ಖೋಲಿಗಳು, ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ. ನಮ್ಮದು ಮೂರನೆಯದು, ಅವರದು ನಾಲ್ಕನೆಯದು, ನಡುವೆ ಒಂದೇ ಇಟ್ಟಿಗೆಯ ಗೋಡೆ. ಎಲ್ಲರೂ ಕನ್ನಡದವರು, ಪವರ್‌ಲೂಮಿನ ಕೆಲಸಕ್ಕೆ ಬಂದವರು. ಅವಳ ಗಂಡ ರುದ್ರಪ್ಪ ನಮ್ಮವರ ಪಾಳಿಯಲ್ಲೇ ಮಗ್ಗ ನಡೆಸುತ್ತಿದ್ದ. ಸರಕಾರ ಸೆರೆ ಕುಡಿಯುವುದನ್ನೇ ಬಂದ್ ಮಾಡಿದ್ದ ಕಾಲ ಅದು, ಆದರೆ ಕಳ್ಳಭಟ್ಟಿಗೆ ಬರವಿರಲಿಲ್ಲ. ಸಂಜೆ ಪಾಳಿ ಬಿಟ್ಟ ಮೇಲೆ ಮೊದಲು ಒಂದು ತಂಬಿಗೆ ಉರುಳುವ ಸದ್ದು, ಆಮೇಲೆ ಮೈಮೇಲೆ ಕೈ ಬೀಳುವ ಸದ್ದು, ಅದರ ಬೆನ್ನಿಗೇ ದುಂಡವ್ವನ ದನಿ: "ಒಂದ." ಮತ್ತೊಂದು ಸದ್ದು. "ಎರಡ." ಅಳುವಿಲ್ಲ, ಬೇಡಿಕೊಳ್ಳುವುದಿಲ್ಲ. ಎಂಟೂ ಖೋಲಿಗಳಿಗೆ ಕೇಳುವ ಹಾಗೆ ಸಾಲೆಯ ಮಾಸ್ತರರಂತೆ ಎಣಿಸುತ್ತಿದ್ದಳು.

ನಾನು ದೇವರ ಜಗಲಿಯ ಮುಂದೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ನಮ್ಮವರು ಊಟದ ತಾಟಿನಿಂದ ತಲೆ ಎತ್ತದೆ, "ಹೆದರಬ್ಯಾಡ. ಅಕೀ ಎಣಸೂದ ನಿಂತ ದಿನ ಹೆದರಬೇಕು," ಅಂದರು.

ಮರುದಿನ ನಳದ ಹತ್ತಿರ ಅವಳನ್ನು ನೋಡಿದೆ. ಹುಬ್ಬು ಒಡೆದಿತ್ತು, ಬಾಯಿ ನಗುತ್ತಿತ್ತು. ಬಡಕಲು ಮೈ, ಉದ್ದ ಕೈ. ಅಜ್ಜಿಯ ಹೆಸರೆಂದು ದುಂಡವ್ವ ಎಂದು ಇಟ್ಟಿದ್ದರಂತೆ, ಆ ಹೆಸರಿಗೆ ತಕ್ಕ ಒಂದು ಗುಂಡಗಿನ ಜಾಗವೂ ಅವಳ ಮೈಯಲ್ಲಿರಲಿಲ್ಲ. ಹೆಂಗಸರು ಕೊಡ ಇಟ್ಟು, ನಿನ್ನೆ ಎಷ್ಟು ಎಂದು ಕೇಳಿದರು. "ಏಳಕ್ಕ ಸುಸ್ತಾದಾ," ಅಂದಳು. "ವಯಸ್ಸಾತ ಪಾಪ ನಮ್ಮ ಯಜಮಾನಗ." ನಳದ ಹತ್ತಿರ ಎಲ್ಲರೂ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಒಮ್ಮೆ ನಾನೇ ಕೇಳಿದ್ದಕ್ಕೆ ಅವಳು ತಿಳಿಸಿ ಹೇಳಿದಳು: "ಅತ್ತರ ಅವಗ ಹುರುಪ ಬರತೈತಿ ತಂಗಿ. ಎಣಿಸಿದರ ನಾಚಿಕಿ ಬರತೈತಿ." ಅದು ನಿಜವೂ ಆಗಿತ್ತು. ಶೆಡ್ಡಿನಲ್ಲಿ ಜೊತೆಯವರು ರುದ್ರಪ್ಪನನ್ನು "ಏನಪಾ ಏಳಪ್ಪಾ" ಎಂದು ಕರೆಯುತ್ತಿದ್ದರು. ಹಾಗೆ ಕರೆಸಿಕೊಂಡ ವಾರ ಅವನ ಕೈ ಸುಮ್ಮನಿರುತ್ತಿತ್ತು.

ನನ್ನದೊಂದು ರೂಢಿ ಇದೆ. ದೀಪ ಹಚ್ಚಿದ ಮೇಲೆ ಶಿವನಿಗೆ ಆ ದಿನದ ಮೂರು ಉಪಕಾರ ಹೇಳುವುದು. ಜೋಳದಲ್ಲಿ ನುಸಿ ಬೀಳಲಿಲ್ಲ, ಮಗುವಿನ ಕೆಮ್ಮು ಇಳಿಯಿತು, ಹೀಗೆ. ಆ ದಿನಗಳಲ್ಲಿ ಮೂರನೆಯದು ಬಹಳ ಸಲ ಒಂದೇ ಆಗಿರುತ್ತಿತ್ತು: ನನ್ನ ಗಂಡ ಕೈ ಎತ್ತುವವನಲ್ಲ. ಗೋಡೆಯಾಚೆ ಅವಳು ಎಣಿಸುತ್ತಿದ್ದಳು, ಗೋಡೆಯೀಚೆ ನಾನೂ ಎಣಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಬಂದ ಮೂರನೆಯ ವರ್ಷ ದುಂಡವ್ವನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಮೊದಲು ಲಿಂಬೆಯಷ್ಟು, ಆಮೇಲೆ ಬದನೆಕಾಯಿಯಷ್ಟು. ರೊಟ್ಟಿ ಇಳಿಯದು, ಮಲಗಿದರೆ ಉಸಿರು ಸಿಕ್ಕಿಕೊಳ್ಳುವುದು. ಕೊಲ್ಹಾಪುರದ ಒಂದು ದವಾಖಾನೆಯಲ್ಲಿ ಕೊಯ್ದು ತೆಗೆಯಬೇಕೆಂದರು. ರುದ್ರಪ್ಪ ಪಾಳಿ ಬಿಡುವುದಿಲ್ಲವೆಂದ. ಜೊತೆಗೆ ನಾನು ಹೋದೆ. ಬಜಾರದಲ್ಲಿ ತರಕಾರಿಯವರ ಹತ್ತಿರ ವಾದ ಮಾಡಿ ಮಾಡಿ ನನಗೆ ಮರಾಠಿ ಬರುತ್ತದೆಂದು ಸಾಲಿನಲ್ಲೆಲ್ಲ ಹೆಸರಾಗಿತ್ತು. ಆ ಹೆಸರು ನನಗೆ ಬೇಡವಾಗಿಯೂ ಇರಲಿಲ್ಲ.

ಕೊಯ್ಯುವ ಮೊದಲು ಕೊರಳಿನ ಲಿಂಗ ತೆಗೆಯಬೇಕೆಂದಾಗ ದುಂಡವ್ವ ಒಪ್ಪಲಿಲ್ಲ. ದೇವರು ಪೂಜೆ ಎಂದರೆ ನಗುತ್ತಿದ್ದವಳು, ನನ್ನ ಸೋಮವಾರದ ಉಪವಾಸಕ್ಕೆ "ಹಸದ ಹೊಟ್ಟಿ ನೋಡಿ ಶಿವಾ ಏನ ಮಾಡತಾನ?" ಎಂದು ಕೆಣಕುತ್ತಿದ್ದವಳು, ಅಂದು ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೇ ಇಲ್ಲ. ಕಡೆಗೆ ನರ್ಸಬಾಯಿ ಅದನ್ನು ಅವಳ ರಟ್ಟೆಗೆ ಕಟ್ಟಿದಳು. ಅಂದಿನ ಮೊದಲ ಉಪಕಾರ ಅದೇ. ಎರಡನೆಯದು, ಅವಳು ಕಣ್ಣು ತೆರೆದದ್ದು. ಗಡ್ಡೆ ಹೋಗಿತ್ತು, ಕೊರಳ ಸುತ್ತ ಕೆಂಪು ದಾರದಂಥ ಗಾಯ ಉಳಿದಿತ್ತು.

ಹೊರಡುವ ದಿನ ಔಷಧದ ಕಿಟಕಿಯಲ್ಲಿ ಒಂದು ಶೀಶೆ ಕೊಟ್ಟರು. ಅರವತ್ತು ಸಣ್ಣ ಗುಳಿಗೆಗಳು. ಗಂಟಲಿನಲ್ಲಿ ತೆಗೆದ ಭಾಗ ಮಾಡಬೇಕಾದ ಕೆಲಸವನ್ನು ಇನ್ನು ಈ ಗುಳಿಗೆ ಮಾಡುತ್ತದೆ, ಶೀಶೆ ಮುಗಿದಾಗ ಮತ್ತೆ ಬನ್ನಿ ಎಂದರು. ಹೇಗೆ ಕೊಡಬೇಕೆಂದು ಕೇಳಿದ್ದಕ್ಕೆ ಕಿಟಕಿಯ ಒಳಗಿನಿಂದ ಉತ್ತರ ಬಂತು: "ಸಕಾಳಿ, ಉಪಾಶೀ ಪೋಟಿ, ಏಕ ಗೋಳಿ."

ಸಕಾಳಿ ಎಂದರೆ ಬೆಳಿಗ್ಗೆ. ಏಕ ಗೋಳಿ, ಒಂದು ಗುಳಿಗೆ. ಪೋಟ ಎಂದರೆ ಹೊಟ್ಟೆ. ಉಪಾಸ ಎಂದರೇನೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹನ್ನೆರಡು ವರ್ಷದವಳಿದ್ದಾಗಿನಿಂದ ಮಾಡಿದವಳು ನಾನು. ನನ್ನ ಮುಖ ಅರಳಿರಬೇಕು. ಹೊರಗೆ ಬಾಕಿನ ಮೇಲೆ ಕೂತಿದ್ದ ದುಂಡವ್ವನಿಗೆ ಹೇಳಿದೆ: "ಉಪಾಸ ಇದ್ದ ದಿನಾ ಮುಂಜಾನೆ ಒಂದ ಗುಳಿಗಿ ತಗೋಬೇಕಂತ. ಇನ್ನ ಸೋಮವಾರ ತಪ್ಪಸಂಗಿಲ್ಲ ನೀ."

"ದವಾಖಾನ್ಯಾಗೂ ನಿಮ್ಮ ಶಿವಾನ ಕುಂತಾನಲ್ಲ," ಎಂದು ನಕ್ಕಳು. ಕೊರಳು ನೋಯುತ್ತಿತ್ತು, ಆದರೂ ನಕ್ಕಳು.

ಹೀಗೆ ದುಂಡವ್ವ ಪ್ರತಿ ಸೋಮವಾರ ನನ್ನ ಜೊತೆ ಉಪವಾಸ ಮಾಡಿ ಒಂದು ಗುಳಿಗೆ ನುಂಗತೊಡಗಿದಳು. ಗಡ್ಡೆಯ ನೆಪದಿಂದ ಶಿವನು ಅವಳನ್ನು ದಾರಿಗೆ ತಂದನೆಂದು ನಾನು ಸಂತೋಷಪಟ್ಟೆ. ಅದನ್ನೂ ಉಪಕಾರದಲ್ಲಿ ಸೇರಿಸಿದೆ.

ನಾಲ್ಕೈದು ತಿಂಗಳಿಗೆ ಅವಳ ಮುಖ ಊದಿತು. ಆಮೇಲೆ ಕೈ, ಕಾಲು, ಹೊಟ್ಟೆ. ಹೆಸರು ಮೈಗೆ ಹೊಂದಿತೆಂದು ಜನ ನಕ್ಕರು. ಕೂದಲು ಉದುರಿತು, ಬೇಸಿಗೆಯಲ್ಲೂ ಚಾದರ ಹೊದೆಯುವಳು, ದನಿ ದಪ್ಪಗಾಗಿ ಗಂಡಸಿನ ದನಿಯಂತಾಯಿತು. ಇದೆಲ್ಲ ಕಣ್ಣಿಗೆ ಕಂಡದ್ದು. ಕಾಣದ್ದು ಇನ್ನೂ ಕೆಟ್ಟದಿತ್ತು. ನೂಲು ಸುತ್ತುವ ಕೆಲಸ ಬಿಟ್ಟು ಗೋಡೆಗೆ ಒರಗಿ ಕೂತರೆ ಕೂತೇ ಇರುವಳು. ಎದುರಿಗೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಏನಾಗುತ್ತದೆಂದು ಕೇಳಿದೆ. "ಪಟ್ಟಾ ಜಾರಿದ ಮಗ್ಗ ನೋಡೀದೇನ ತಂಗಿ? ಎಲ್ಲಾ ಐತಿ, ತಿರಗೂದಿಲ್ಲ," ಅಂದಳು. ಇನ್ನೊಂದು ದಿನ, ಬಾವಿಗೆ ಬಿದ್ದರೆ ತಾನೇ ಬಾವಿ ತುಂಬಿ ಊರಿಗೆ ನೀರು ಸಾಲದೆ ಹೋದೀತೆಂದು ಸುಮ್ಮನಿದ್ದೇನೆ ಅಂದಳು. ನಗೆಯ ಮಾತೇ, ಆದರೆ ಮುಖದಲ್ಲಿ ನಗೆ ಇರಲಿಲ್ಲ. ಅಂದಿನಿಂದ ನೀರಿಗೆ ಅವಳೊಬ್ಬಳನ್ನೇ ಬಿಡಲಿಲ್ಲ.

ಮತ್ತು ಅವಳು ಎಣಿಸುವುದನ್ನು ನಿಲ್ಲಿಸಿದಳು.

ಗೋಡೆಯಾಚೆ ಸದ್ದು ಬೀಳುವುದು. ಸಾಲಿನವರೆಲ್ಲ ತಟ್ಟೆಯ ಮುಂದೆ ಕೈ ತಡೆದು ಕಾಯುವರು. "ಒಂದ" ಬರುತ್ತಿರಲಿಲ್ಲ. ಎಣಿಕೆ ಇಲ್ಲದ್ದರಿಂದ ರುದ್ರಪ್ಪನಿಗೆ ನಿಲ್ಲುವ ಜಾಗ ತಿಳಿಯದೆ ಹೋಯಿತು. ಒಂದು ಸಂಜೆ ಮಗ್ಗದ ಮುರಿದ ಕಟ್ಟಿಗೆ ತಂದು, ಗೋಣಿಚೀಲ ಜಾಡಿಸಿದಂತೆ ಜಾಡಿಸಿದ. ನಮ್ಮವರು ಬಾಗಿಲು ಒದ್ದು ಒಳಗೆ ಹೋಗಿ ಅವನ ಕೈ ತಿರುಚಿ ಕಟ್ಟಿಗೆ ಕಸಿದುಕೊಂಡರು. ದುಂಡವ್ವನ ಎರಡು ಪಕ್ಕೆಲುಬು ಮುರಿದಿದ್ದವು. ಅವಳು ಅಲ್ಲಿ ಇಲ್ಲದವಳಂತೆ ಮೂಲೆಯ ಕಡೆ ನೋಡುತ್ತ ಬಿದ್ದಿದ್ದಳು.

ಅವಳ ಅತ್ತೆ ಇದು ಗಾಳಿಯ ಕಾಟವೆಂದಳು. ನದಿಯಾಚೆಯ ಹಳ್ಳಿಯಲ್ಲಿ ಒಬ್ಬ ದೇವರಿಷಿ ಇದ್ದ, ದೆವ್ವ ಬಿಡಿಸುವವನು. ಅವಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೋದರು, ನಾನೂ ಹೋದೆ. ಅವನು ಕೆಂಡಕ್ಕೆ ಒಣಮೆಣಸಿನಕಾಯಿ ಸುರಿದು ಅವಳ ಮುಖವನ್ನು ಹೊಗೆಯ ಮೇಲೆ ಹಿಡಿದ. ಆಮೇಲೆ ಹಸಿ ಬೆತ್ತ ತೆಗೆದುಕೊಂಡ. ಯಾರು ನೀನು, ಎಲ್ಲಿಂದ ಬಂದೆ ಎಂದು ಕೇಳುತ್ತ ಹೊಡೆದ. ಮುರಿದ ಪಕ್ಕೆಲುಬಿನ ಮೇಲೂ ಹೊಡೆದ. ಅವಳು ಬಾಯಿ ಬಿಡಲಿಲ್ಲ. ಅಂದು ಅವಳ ಬದಲು ನಾನು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತಮೂರು. ಇಪ್ಪತ್ತನಾಲ್ಕನೆಯದಕ್ಕೆ ನಾನು ಅವನ ಕೈಗೆ ಜೋತುಬಿದ್ದೆ, ಬೆತ್ತ ನನ್ನ ಮಣಿಕಟ್ಟಿಗೆ ಬಿತ್ತು. ಆ ಗುರುತು ಬಳೆಯ ಕೆಳಗೆ ಈಗಲೂ ಇದೆ.

ವರ್ಷ ದಾಟಿತು. ಶೀಶೆ ಮುಗಿದಿರಲಿಲ್ಲ, ಹಾಗಾಗಿ ದವಾಖಾನೆಗೆ ಹೋಗುವ ಮಾತೂ ಬಂದಿರಲಿಲ್ಲ. ಕಡೆಗೆ ರುದ್ರಪ್ಪನೇ ಹೋಗೋಣವೆಂದ. ಅವನ ತಾಯಿ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು. ಅವನದು ಒಂದೇ ಮಾತು: ಗಡ್ಡೆ ಕೊಯ್ದವರು ಈ ಕೊಬ್ಬನ್ನೂ ಕೊಯ್ದು ತೆಗೆಯಲಿ, ಇಲ್ಲವಾದರೆ ಇವಳು ತವರಿನ, ಹಲಕರ್ಣಿಯ ದಾರಿ ಹಿಡಿಯಲಿ. ಕೊಲ್ಹಾಪುರದಲ್ಲಿ ಡಾಕ್ಟರರ ಎದುರಿಗೆ ಅವಳ ಹೊಟ್ಟೆಯನ್ನು ಬೆರಳಿನಿಂದ ಚುಚ್ಚಿ ತೋರಿಸಿ ಇದನ್ನೇ ಮರಾಠಿಯಲ್ಲಿ ಹೇಳಿದ. ಎಷ್ಟೋ ತಿಂಗಳ ಮೇಲೆ ದುಂಡವ್ವ ತಾನಾಗಿ ಬಾಯಿ ತೆರೆದಳು. "ಕೊಯ್ರಿ. ನಾ ಹೂಂ ಅಂತೇನಿ. ಸತ್ತರೂ ಅಡ್ಡಿಯಿಲ್ಲ, ಕೊಯ್ರಿ."

ಡಾಕ್ಟರರು ಅವಳ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಮೈ ಇಳಿಸಲು ಕರುಳು ಕೊಯ್ದು ಜೋಡಿಸುವ ಡಾಕ್ಟರರು ವಿಲಾಯತಿಯ ಕಡೆ ಇದ್ದಾರೆಂದು ತಾವು ಓದಿದ್ದಾಗಿ ಹರಕು ಕನ್ನಡದಲ್ಲಿ ಹೇಳಿದರು. ಆದರೆ ಗಂಟಲಿನ ರಸ ಬತ್ತಿದವರಿಗೆ, ಮನಸ್ಸು ಹೀಗೆ ಕುಸಿದವರಿಗೆ ಮೊದಲು ಅದನ್ನೇ ಸರಿ ಮಾಡಬೇಕು. ಈಗ ಕತ್ತಿ ಹಿಡಿದರೆ ಕೊಬ್ಬು ಹೋಗುವುದಿಲ್ಲ, ಜೀವ ಹೋಗುತ್ತದೆ. ಇದು ತಿಂದು ಬೆಳೆದ ಮೈಯಲ್ಲ, ಮಂಕೂ ಇವಳದಲ್ಲ, ಎರಡೂ ಒಂದೇ ಕಡೆಯಿಂದ ಬಂದವು. ಇಷ್ಟು ಹೇಳಿ, ಗುಳಿಗೆ ಎಲ್ಲಿ ಎಂದರು.

ನನ್ನ ಚೀಲದಲ್ಲಿದ್ದ ಶೀಶೆ ಕೊಟ್ಟೆ. ಅವರು ಅಲುಗಾಡಿಸಿದರು. ಒಳಗೆ ಒಂದೆರಡು ಗುಳಿಗೆಗಳು ಖಣಖಣ ಅಂದವು. ಎರಡು ತಿಂಗಳಲ್ಲಿ ಮುಗಿಯಬೇಕಾದ ಶೀಶೆ ಎಂದರು. ಹೇಗೆ ತೆಗೆದುಕೊಂಡೆ ಎಂದು ದುಂಡವ್ವನನ್ನು ಕೇಳಿದರು.

"ಸೋಮವಾರ," ಅಂದಳು.

ಅವರು ಪೆನ್ನು ಕೆಳಗಿಟ್ಟರು. ಉಪಾಶೀ ಪೋಟಿ ಎಂದರೆ ಬೆಳಿಗ್ಗೆ ಏನೂ ತಿನ್ನದ ಖಾಲಿ ಹೊಟ್ಟೆ ಎಂದು ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು. ಸೋಮವಾರವಲ್ಲ, ದಿನಾಲೂ. ಗುಳಿಗೆ ತಪ್ಪಿ ಹೋದ ವರ್ಷವೆಲ್ಲ ಎದೆಗೆ ಪೆಟ್ಟು ಬಿದ್ದಿದೆ, ಮೈ ಇಳಿದರೂ ಮನಸ್ಸು ತಿಳಿಯಾದರೂ ಆ ಪೆಟ್ಟು ಪೂರ್ತಿ ಮಾಯುವುದೋ ಇಲ್ಲವೋ ಹೇಳಲಾರೆ ಅಂದರು. ಸೋಮವಾರ ಎಂದು ಹೇಳಿದವರು ಯಾರು ಎಂದು ಕೇಳಿದರು.

ರುದ್ರಪ್ಪ ನನ್ನ ಕಡೆ ತಿರುಗಿದ. ನಾನು ಶೀಶೆಯ ಕಡೆ ನೋಡಿದೆ.

"ಯಾರೂ ಹೇಳಿಲ್ಲ," ಅಂದಳು ದುಂಡವ್ವ. "ನಾನ ತಪ್ಪ ತಿಳಕೊಂಡೆ."

ಹೊರಗೆ ಟಾಂಗಾ ನಿಲ್ಲುವ ಗಿಡದ ಕೆಳಗೆ ಅವನು ಕಾಲಿನ ಮೆಟ್ಟು ತೆಗೆದು ಅವಳನ್ನು ಹೊಡೆದ. ಒಂದು ವರ್ಷ ಹಾಳು ಮಾಡಿದಿ ಎಂದು ಬೈಯುತ್ತ ಮುಖಕ್ಕೂ ಕೊರಳ ಗಾಯಕ್ಕೂ ಹೊಡೆದ. ಟಾಂಗಾದವರು ನೋಡಿದರು. ನಾನು ಹೊಸ ಶೀಶೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ದೇವರಿಷಿಯ ಬೆತ್ತಕ್ಕೆ ಅಡ್ಡ ಬಂದವಳು ಅಂದು ಬರಲಿಲ್ಲ. ತಪ್ಪು ನನ್ನದು ಎಂಬ ಎರಡು ಮಾತು ಬಾಯಿಂದ ಹೊರಡಲಿಲ್ಲ. ಆ ಸಂಜೆ ದೀಪ ಹಚ್ಚಿದೆ, ಉಪಕಾರ ಒಂದೂ ಹೇಳಲಿಲ್ಲ.

ಮರುದಿನದಿಂದ ಒಲೆ ಹೊತ್ತಿಸುವ ಮೊದಲು ಅವಳ ಹೊಸ್ತಿಲಿಗೆ ಹೋಗಿ, ಅಂಗೈಯಲ್ಲಿ ಗುಳಿಗೆ ಇಟ್ಟು, ನೀರು ಕುಡಿಸಿ ಬರುವುದು ನನ್ನ ಮೊದಲ ಪೂಜೆಯಾಯಿತು. ಅವಳ ಅತ್ತೆ ಗೊಣಗಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಹೆಣ್ಣಿನ ಕಡೆಯವರು ಅಷ್ಟರಲ್ಲಿ ಬೇರೆ ಸಂಬಂಧ ನೋಡಿಕೊಂಡರು, ಅದೊಂದು ಉಪಕಾರ. ಎರಡನೆಯ ತಿಂಗಳು ದುಂಡವ್ವ ಚಾದರ ತೆಗೆದಳು. ಮೂರನೆಯ ತಿಂಗಳು ಹಣೆಯಲ್ಲಿ ಬೆವರು ಕಂಡಿತು. ಬೆವರು ನೋಡಿ ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಮುಖದ ಬಾವು ಇಳಿಯಿತು, ಮೈ ಅರ್ಧ ಇಳಿಯಿತು. ಒಂದು ಬೆಳಿಗ್ಗೆ ಗುಳಿಗೆ ನುಂಗಿ ತಂಬಿಗೆ ಕೆಳಗಿಟ್ಟವಳು ನನ್ನ ಮುಖ ನೋಡಿ, "ತಂಗಿ, ನಿಮ್ಮ ಸೋಮವಾರದ ಶಿವಾ ಉಳದ ಆರ ದಿನಾ ಏನ ಮಾಡತಿದ್ದಾ?" ಅಂದಳು. ಕಣ್ಣಲ್ಲಿ ಹಳೆಯ ನಗೆ ಇತ್ತು. ನಾನು ಸೆರಗು ಬಾಯಿಗೆ ಹಿಡಿದು ನಮ್ಮ ಖೋಲಿಗೆ ಓಡಿಬಂದು ಅತ್ತೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಗೋಡೆಯಾಚೆ ತಂಬಿಗೆ ಉರುಳಿತು. ರುದ್ರಪ್ಪನ ಬೈಗುಳ ಕೇಳಿತು. ಆಮೇಲೆ ಒಂದು ಪೆಟ್ಟಿನ ಸದ್ದು, ಹಿಂದೆಂದೂ ಕೇಳದಷ್ಟು ದೊಡ್ಡದು. ಬೆನ್ನಿಗೇ ದುಂಡವ್ವನ ದನಿ, ಎಂಟೂ ಖೋಲಿಗೆ ಕೇಳುವಂತೆ:

"ಒಂದ."

ಸಾಲಿನವರೆಲ್ಲ ಎರಡಕ್ಕೆ ಕಾದರು. ಎರಡು ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ರುದ್ರಪ್ಪ ಹೊಸ್ತಿಲಿಗೆ ಅಡ್ಡ ಬಿದ್ದಿದ್ದ, ಬಾಯಿಂದ ರಕ್ತ ಸುರಿಯುತ್ತಿತ್ತು, ಒಂದು ಹಲ್ಲು ಅಂಗಳದಲ್ಲಿ ಬಿದ್ದಿತ್ತು. ದುಂಡವ್ವ ತನ್ನ ಬಲಗೈಯನ್ನು ಬೇರೆ ಯಾರದೋ ಕೈಯಂತೆ ನೋಡುತ್ತ ನಿಂತಿದ್ದಳು.

ಹಿರಿಯರು ಸೇರಿದರು. ಗಂಡನ ಮೈಮೇಲೆ ಕೈ ಮಾಡಿದವಳು ಅವನ ಕಾಲು ಮುಟ್ಟಿ ತಪ್ಪು ಒಪ್ಪಿಕೊಳ್ಳಬೇಕೆಂದರು. ಅವಳು ಸೆರಗು ಹೊದ್ದು ನಿಂತು ಸಾವಕಾಶ ಹೇಳಿದಳು: "ಇಷ್ಟ ವರ್ಷ ಅವ ಕೊಟ್ಟದ್ದ ನಾ ಎಣಿಸೇನ್ರಿ, ಈ ಸಾಲೆಲ್ಲಾ ಕೇಳೇತಿ. ನಾ ತಿರಗಿ ಕೊಟ್ಟದ್ದ ಒಂದ. ಉಳದದ್ದ ಬಿಟ್ಟೇನಿ. ಬಿಟ್ಟದ್ದಕ್ಕ ಬೇಕಾದರ ಅವನ ನನ್ನ ಕಾಲ ಮುಟ್ಟಲಿ." ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಮೂರನೆಯ ದಿನ ಅವಳನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣ ಬಂದ.

ಗಡಹಿಂಗ್ಲಜದ ಬಸ್ಸಿನ ಹತ್ತಿರ ಬೀಳ್ಕೊಡಲು ಹೋಗಿದ್ದೆ. ಶೀಶೆಯನ್ನು ಅವಳ ಸೊಂಟದ ಚೀಲದಲ್ಲಿ ನಾನೇ ಇಟ್ಟೆ. ಬಸ್ಸು ಹೊರಡುವ ಹೊತ್ತಿಗೆ, ಎಷ್ಟೋ ತಿಂಗಳಿಂದ ಕೇಳಲಾರದೆ ಉಳಿದದ್ದನ್ನು ಕೇಳಿದೆ: "ದುಂಡಕ್ಕಾ, ಅವತ್ತ ಡಾಕ್ಟರರ ಮುಂದ ನನ್ನ ಹೆಸರ ಯಾಕ ಹೇಳಲಿಲ್ಲ ನೀ?"

"ಹೇಳಿದ್ದರ ಅವ ನಿನ್ನ ಮ್ಯಾಲ ಬರತಿದ್ದಾ."

"ಗಿಡದ ಬುಡಕ ನೀ ಎಣಸಲೂ ಇಲ್ಲ."

"ಮನಸಿನಾಗ ಎಣಿಸಿದ್ದೆ. ಆರ." ನನ್ನ ಮಣಿಕಟ್ಟಿನ ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. "ಆ ಆರೂ ನಿನ್ನವ, ತಂಗಿ. ನನ್ನ ಮೈ ದೊಡ್ಡದಿತ್ತು, ಹಿಡದುವು. ನಿನ್ನ ಮೈಯಾಗ ಎಲ್ಲಿ ಹಿಡೀತಿದ್ದುವು?"

ಅದೇ ಕೊನೆಯ ಭೇಟಿ. ಎರಡು ವರ್ಷ ಬದುಕಿದಳು.

ಅವಳ ಅಣ್ಣ ನೀರು ಕುಡಿದು ಹೇಳಿದ. ಊರಲ್ಲಿ ಚೆನ್ನಾಗಿದ್ದಳಂತೆ, ಕಬ್ಬಿನ ಹೊಲದಲ್ಲಿ ಗಂಡಾಳಿನ ಸಮಕ್ಕೆ ದುಡಿಯುತ್ತಿದ್ದಳಂತೆ. ಬೆಳಿಗ್ಗೆ ಎದ್ದು, ಗುಳಿಗೆ ನುಂಗಿ, ತಂಬಿಗೆ ಇನ್ನೂ ಕೈಯಲ್ಲಿರುವಾಗಲೇ ಗೋಡೆಗೆ ಒರಗಿದಳಂತೆ. ಎದೆ ನಿಂತಿತ್ತು. ಆಮೇಲೆ ಅವನು ನೆಲ ನೋಡುತ್ತ, ಟೊಪ್ಪಿಗೆ ತಿರುವುತ್ತ ಇನ್ನೊಂದು ಮಾತು ಹೇಳಿದ: "ನಮ್ಮ ಓಣ್ಯಾಗ ಈಗ ಮೂರ ಮಂದಿ ಹೆಂಗಸರು ಎಣಸತಾರ್ರೀ ಅಕ್ಕಾರ." ಎದ್ದು ನಿಂತು, "ನಮ್ಮ ಮನ್ಯಾಕಿನೂ," ಅಂದ.

ಅವನು ಹೋದ ಮೇಲೆ ಕೂತು ನೆನೆಸಿದೆ. ಎದೆಗೆ ಬಿದ್ದ ಪೆಟ್ಟು ಎಂದಿದ್ದರು ಡಾಕ್ಟರರು. ಗಂಡನ ಹೊಡೆತಗಳನ್ನೆಲ್ಲ ಅವಳು ಎಣಿಸಿದ್ದಳು. ನಾನು ಅವಳಿಗೆ ಗುಳಿಗೆ ತಪ್ಪಿಸಿದ ಬೆಳಗುಗಳನ್ನು ಮಾತ್ರ ಎಣಿಸಿರಲಿಲ್ಲ. ಅವಳನ್ನು ಒಯ್ದದ್ದು ಯಾವುದೆಂದು ಶಿವನಿಗೆ ಗೊತ್ತು, ನಾನು ಕೇಳುವುದಿಲ್ಲ. ಉಪಕಾರ ಒಂದು ಇತ್ತು. ಅವಳು ಹೋದದ್ದು ಗುರುವಾರ. ಗುರುವಾರವೂ ಗುಳಿಗೆ ನುಂಗಿದ್ದಳು.

ಕಲ್ಲಿನ ಮೇಲೆ ಹಿಟ್ಟು ಒಣಗಿ ಮೇಲೆ ಪದರು ಕಟ್ಟಿತ್ತು. ನೀರು ಚಿಮುಕಿಸಿ, ಮಡಚಿ, ಒನಕೆ ಎತ್ತಿದೆ. ಒಂದ, ಅಂದೆ. ಎರಡ. ನೆರೆಯವರು ಇಣುಕಿ ನೋಡಿದರು, ನೋಡಲಿ ಎಂದು ದನಿ ಏರಿಸಿದೆ. ಆರಕ್ಕೆ ಕೈ ನಿಂತಿತು. ಹಿಟ್ಟು ಮುಟ್ಟಿ ನೋಡಿದೆ, ಇನ್ನೂ ಹದಕ್ಕೆ ಬಂದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಏಳನೆಯದನ್ನು ಹೊಡೆದೆ.